ಉಟ್ಟ ಸೀರೆಯ ಸ್ನಾನ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹಿಂದೂಪುರದ ಬಸ್ಸು ಹತ್ತುವ ಮುಂಚೆ ಆದಿಲಕ್ಷ್ಮಿ ಮೊಮ್ಮಗನ ಹುಟ್ಟುಹಬ್ಬದ ಕೇಕನ್ನು ನಾಯಿಗಳಿಗೆ ಹಾಕಿದಳು. ಮಗಳು ಶಿರೀಷಾ ಬೆಳಗಾಗುವ ಮುಂಚೆಯೇ ಎದ್ದು, ನಿನ್ನೆ ಉಳಿದದ್ದನ್ನು ದಾರ ಹಿಡಿದು ನೇರವಾಗಿ ಕೊಯ್ದು, ಒಂದು ತುಂಡೂ ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ ಕೊಟ್ಟಿದ್ದಳು. "ನಿಮ್ಮ ಆಶ್ರಮದ ಅಜ್ಜಿ ತಾತಂದ್ರಿಗೆಲ್ಲ ಒಂದೊಂದು ಕೊಡಮ್ಮ. ದೊಡ್ಡೋರು, ಮಗೀಗೆ ನಾಕು ಒಳ್ಳೆ ಮಾತು ಆಡ್ಲಿ" ಎಂದಿದ್ದಳು. ಆದಿಲಕ್ಷ್ಮಿ ಹೂಂ ಎಂದಳು. ಇನ್ನೇನು ಅಂದಾಳು? ತಾನು ಆಯಾ ಆಗಿ ಕೆಲಸ ಮಾಡುವ ಹಿಂದೂಪುರದ ಆ ವೃದ್ಧಾಶ್ರಮದಲ್ಲಿರುವ ಹದಿನಾರು ಜನರಲ್ಲಿ ಒಬ್ಬರಿಗೂ ಆದಿಲಕ್ಷ್ಮಿಗೊಬ್ಬ ಮೊಮ್ಮಗ ಹುಟ್ಟಿದ್ದಾನೆಂದೇ ಗೊತ್ತಿಲ್ಲ, ಒಂದು ವರ್ಷದಿಂದ ತಾನು ಆ ಮಾತನ್ನು ನುಂಗಿಕೊಂಡು ಓಡಾಡುತ್ತಿದ್ದೇನೆ ಎಂದು ಹೆತ್ತ ಮಗಳಿಗೆ ಹೇಳುವುದು ಹೇಗೆ? ಮೊದಲು ಒಂದು ನಾಯಿ ಬಂತು, ಆಮೇಲೆ ಮೂರು. ಕ್ರೀಮಿನಲ್ಲಿ ಬರೆದಿದ್ದ ಮಗುವಿನ ಹೆಸರಿನ ಒಂದು ಅಕ್ಷರ ಡಬ್ಬಿಯ ಗೋಡೆಗೆ ಅಂಟಿಕೊಂಡಿತ್ತು. ಅದನ್ನು ಸೆರಗಿನ ತುದಿಯಿಂದ ಒರೆಸಿ, ಡಬ್ಬಿ ಮುಚ್ಚಿ, ಕಿಟಕಿ ಪಕ್ಕದ ಸೀಟು ಹಿಡಿದಳು.

ಹನ್ನೊಂದರೊಳಗೆ ಆಶ್ರಮ ಮುಟ್ಟಬೇಕಿತ್ತು. ತಿಥಿ ಲೆಕ್ಕದಲ್ಲಿ ಇವತ್ತು ಪದ್ಮಾವತಮ್ಮನ ವರ್ಷದ ಎಡೆ. ಪದ್ಮಾವತಮ್ಮನ ಗಂಡ ರಾಮಲಿಂಗಯ್ಯ, ಎಂಬತ್ತೊಂದರ ಮುದುಕ, ಸೋಮಂದೇಪಲ್ಲಿಯಲ್ಲಿ ಐವತ್ತು ವರ್ಷ ರೇಷ್ಮೆ ಮಗ್ಗ ಹಾಕಿದವನು, ಮೊನ್ನೆ ಇವಳನ್ನು ಕರೆದು, "ಎಡೆಗೆ ನಿನ್ನ ಕೈಯ್ದೇ ಆಗ್ಬೇಕು ತಲ್ಲಿ, ಬ್ಯಾರೆಯೋರು ಮಾಡಿದ್ರೆ ಅವಳು ಮೂಗು ಮುರೀತಾಳೆ" ಎಂದಿದ್ದ. ಬಯ್ದರೆ ತಡೆದುಕೊಳ್ಳಬಹುದು, ಹೊಡೆದರೂ ತಡೆದುಕೊಳ್ಳಬಹುದು. ಈ ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳುವುದು? ಕುಂದುರ್ಪಿಯ ಅಕ್ಕನನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ನಿನ್ನೆ ಹೊರಟಿದ್ದಳು. ಹೋದ ಕಡೆಯೂ ನೆಮ್ಮದಿಯಿರಲಿಲ್ಲ. ಅಳಿಯನಿಗೆ ರಜೆ ಸಿಗಲಿಲ್ಲವೆಂದು ಹತ್ತು ದಿನ ತಡವಾಗಿ ಮಾಡಿದ ಹುಟ್ಟುಹಬ್ಬ. ಬೀಗಿತ್ತಿ ಕೊಂಡಮ್ಮ ಎಲ್ಲರ ಎದುರಿಗೆ ನಗುನಗುತ್ತಲೇ, "ಬಾಣಂತನಕ್ಕೆ ಬರ್ದೇ ಇದ್ದೋರು ಕೇಕ್ ತಿನ್ನಾಕಾದ್ರೂ ಬಂದ್ರಲ್ಲ, ಚಾಲು, ಅಷ್ಟೇ ಸಾಕು" ಎಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ತವರೆಂದರೆ ಆದಿಲಕ್ಷ್ಮಿ ಒಬ್ಬಳೇ, ಮತ್ತು ಹೋದ ವರ್ಷದ ಮೇ ತಿಂಗಳಲ್ಲಿ ಅವಳು ಹದಿನೇಳು ಮುದುಕ ಮುದುಕಿಯರ ಜೊತೆ ಗೇಟಿನ ಒಳಗಿದ್ದಳು. ಆವತ್ತು ಹದಿನೇಳು, ಇವತ್ತು ಹದಿನಾರು.

ಆಗ ಕರೋನದ ಎರಡನೇ ಸುತ್ತು. ಮ್ಯಾನೇಜರ್ ರಘುನಾಥ್ ಸಾರು ಗೇಟಿಗೆ ಬೀಗ ಹಾಕಿಸಿ, ಒಳಗಿನವರು ಹೊರಗೆ ಕಾಲಿಡಕೂಡದೆಂದು ಕಟ್ಟಪ್ಪಣೆ ಮಾಡಿ, ಮೂರನೇ ದಿನಕ್ಕೆ ಅವರೇ ಜ್ವರ ಬಂದು ಮನೆಯಲ್ಲಿ ಮಲಗಿದರು. ಅಡಿಗೆಯವಳ ಊರಿನವರು ದಾರಿಗೆ ಮುಳ್ಳು ಹಾಕಿಕೊಂಡರು. ಇನ್ನಿಬ್ಬರು ಆಯಾಗಳ ಫೋನು ಸ್ವಿಚ್ಚಾಫ್. ಉಳಿದವಳು ಇವಳೊಬ್ಬಳು. ಮಗಳು ಹೆತ್ತು ಆರು ದಿನವಾಗಿತ್ತು, ಫೋನಿನಲ್ಲಿ ಮಾತಿಲ್ಲ, ಬರೀ ಅಳು. ಮೊಟ್ಟೆ ವ್ಯಾನಿನವನು ನಸುಕಿಗೇ ಕಲ್ಯಾಣದುರ್ಗಕ್ಕೆ ಹೋಗಿ ಹನ್ನೆರಡರ ಕರ್ಫ್ಯೂ ಒಳಗೆ ವಾಪಸ್ ಬರುತ್ತೇನೆಂದ. ಬಿ.ಪಿ. ಮಾತ್ರೆ ಇಲ್ಲಿ ಸಿಗುತ್ತಿಲ್ಲ, ಪೆನುಕೊಂಡಕ್ಕೆ ಹೋಗಿ ತರುತ್ತೇನೆಂದು ಪದ್ಮಾವತಮ್ಮನ ಕೈಗೆ ಬೀಗದ ಕೈ ಕೊಟ್ಟು ಹೊರಟುಬಿಟ್ಟಳು. ಮಾತ್ರೆಯನ್ನೂ ತಂದಳೆನ್ನಿ, ಸುಳ್ಳಿಗೊಂದು ಸಾಕ್ಷಿ ಬೇಕಲ್ಲ. ಬಾಣಂತಿ ಕೋಣೆ ಸಾಂಬ್ರಾಣಿ ಹೊಗೆಯಲ್ಲಿ ಮುಳುಗಿತ್ತು. ಬೀಗಿತ್ತಿ ಕೆಮ್ಮುತ್ತಿದ್ದಳು, ಹೊಗೆಗೆ ಎಂದಳು. ಹೊಗೆಗೇ ಇರಬೇಕೆಂದು ಇವಳೂ ನಂಬಿದಳು, ನಂಬದೆ ಇದ್ದರೆ ಹೊಸ್ತಿಲಿಂದಲೇ ತಿರುಗಬೇಕಿತ್ತು. ಮಗುವನ್ನು ಎತ್ತಿಕೊಂಡಳು. ಬಜೆ, ಹರಳೆಣ್ಣೆ, ಹಾಲು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹತ್ತಿತು. ಅರ್ಧ ಗಂಟೆ ಇದ್ದಳು. ಈಗ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಕೆಮ್ಮಿದಳು; ಆದಿಲಕ್ಷ್ಮಿ ಥಟ್ಟನೆ ಸೆರಗು ಮೂಗಿಗೆ ಏರಿಸಿ, ಆಮೇಲೆ ತನಗೆ ತಾನೇ ನಾಚಿಕೊಂಡು ಇಳಿಸಿದಳು.

ವಾಪಸ್ ಬಂದವಳು ಮುಂಬಾಗಿಲಿಂದ ಒಳಗೆ ಹೋಗಲಿಲ್ಲ. ಹನ್ನೊಂದು ದಿನ ತುಂಬದ ಕೂಸನ್ನು ಮುಟ್ಟಿ ಬಂದವಳು ಪುರುಡು ಕಳೆದುಕೊಳ್ಳದೆ ಒಲೆ ಮುಟ್ಟುವಂತಿಲ್ಲ, ದೇವರ ಪಟದ ಕಡೆ ಹೋಗುವಂತಿಲ್ಲ. ಹಿತ್ತಲಿಗೆ ಸುತ್ತಿ ಬಂದು, ತೊಟ್ಟಿಯ ಹತ್ತಿರ ಕೂತು, ಉಟ್ಟ ಸೀರೆಯಲ್ಲೇ ತಲೆ ಮೇಲೆ ಐದು ಚೊಂಬು ನೀರು ಸುರಿದುಕೊಂಡಳು. ಸೀರೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ ಒಗೆದದ್ದನ್ನು ಉಟ್ಟಳು. ಹಿತ್ತಲ ಜಗಲಿಯಲ್ಲಿ ಪದ್ಮಾವತಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. "ಮಾತ್ರೆ ಸಿಕ್ತೇನಮ್ಮ?" ಎಂದಳು. "ಸಿಕ್ತವ್ವ." ಅಷ್ಟೇ ಮಾತು. ತಣ್ಣೀರಿಗೆ ಆದಿಲಕ್ಷ್ಮಿಯ ಮೈ ಹಗುರಾಗಿತ್ತು. ಮಡಿಯಾದೆ, ಎಲ್ಲ ಕಳೆಯಿತು ಎನ್ನಿಸಿತ್ತು. ಆ ಮಡಿಯ ಧೈರ್ಯದಲ್ಲೇ ಮಾಸ್ಕನ್ನು ಮೊಳೆಗೆ ಸಿಕ್ಕಿಸಿ, ಬಗ್ಗಿ ಬಗ್ಗಿ ಒಬ್ಬೊಬ್ಬರ ಬಾಯಿಗೂ ಮಾತ್ರೆ ಹಾಕಿ ನೀರು ಕುಡಿಸಿದಳು. ಮುತ್ತಜ್ಜಿ ಕಾಲದ ಮೈಲಿಗೆಗೆ ಮುತ್ತಜ್ಜಿ ಕಾಲದ ಮದ್ದು ಚೆನ್ನಾಗಿಯೇ ಮಾಡಿದ್ದಳು. ಈ ಕಾಲದ್ದೊಂದು ಇದೆಯೆಂಬುದು ನೆನಪಿಗೇ ಬರಲಿಲ್ಲ. ಎರಡು ದಿನ ಬಿಟ್ಟು ಮಗಳು ಫೋನು ಮಾಡಿ, ಅತ್ತೆಗೆ ಪಾಸಿಟಿವ್ ಅಂತೆ ಎಂದಾಗ, ಇವಳು ಅಡುಗೆಮನೆಯಲ್ಲಿ ಮೊಳೆಗೆ ನೇತಾಡುತ್ತಿದ್ದ ಮಾಸ್ಕನ್ನೇ ನೋಡುತ್ತ ನಿಂತುಬಿಟ್ಟಳು. ನಾಲ್ಕನೇ ದಿನ ಅವಳಿಗೇ ಜ್ವರ ಬಂತು.

ಬಸ್ಸು ರೊದ್ದಂನಲ್ಲಿ ನಿಂತಿತು. ಟೊಮೆಟೊ ಬುಟ್ಟಿ ಹತ್ತಿಸುವ ವಿಷಯಕ್ಕೆ ಕಂಡಕ್ಟರನಿಗೂ ಒಬ್ಬ ರೈತನಿಗೂ ತೆಲುಗಿನಲ್ಲಿ ಶುರುವಾದ ಜಗಳ ಕನ್ನಡದಲ್ಲಿ ರಾಜಿಯಾಯಿತು. ಕಂಡಕ್ಟರನ ದನಿ ಕೇಳಿ ಆದಿಲಕ್ಷ್ಮಿಗೆ ನಾರಪ್ಪ ನೆನಪಾಗಿ, ತನಗೇ ತಿಳಿಯದಂತೆ ನಕ್ಕಳು. ಆಶ್ರಮದ ನಾರಪ್ಪ, ರಿಟೈರಾದ ಆರ್.ಟಿ.ಸಿ. ಕಂಡಕ್ಟರ್, ಎಪ್ಪತ್ನಾಲ್ಕು. ಇವಳು ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿ, ಯಾರೂ ಹತ್ತಿರ ಬರಬೇಡಿ ಎಂದು ಕೂಗಿದ್ದೇ ತಡ, ಮುದುಕ ತನ್ನ ಹಳೆ ಖಾಕಿ ಅಂಗಿ ತೆಗೆದು ತೊಟ್ಟುಕೊಂಡ. ಇಡೀ ಆಶ್ರಮಕ್ಕೆ ಇದ್ದದ್ದು ಒಂದು ಆಕ್ಸಿಮೀಟರು. ಅದನ್ನು ಹಿಡಿದು ಮಂಚದಿಂದ ಮಂಚಕ್ಕೆ, "ಯಾರಮ್ಮ, ಬೆರಳು ಬೆರಳು! ತೊಂಬತ್ತಾರು ಒಂದು! ಮುಂದಕ್ಕೆ ಜರುಗಂಡಿ!" ಎಂದು ಕೂಗುತ್ತಿದ್ದ. ನೂರು ಕಡೆ ಫೋನು ಮಾಡಿದರೂ ಬೆಡ್ಡಿಲ್ಲ, ಸಿಲಿಂಡರಿಲ್ಲ ಎನ್ನುವ ಕಾಲದಲ್ಲಿ, ಒಂಬತ್ತು ಜನ ಕೆಮ್ಮುತ್ತಿರುವ ಆ ಹಾಲಿನಲ್ಲಿ ಜನ ನಗುತ್ತಿದ್ದರು. ಕೈ ನಡುಗುವವರು ಅಕ್ಕಿ ಆರಿಸಿದರು, ಕಾಲಿಲ್ಲದವರು ಕೂತಲ್ಲೇ ಬೆಳ್ಳುಳ್ಳಿ ಸುಲಿದರು. ಅವರನ್ನು ನೋಡಿಕೊಳ್ಳಲು ಸಂಬಳ ತಿನ್ನುವವಳು ಮಲಗಿದ್ದಳು, ಅವರು ಎದ್ದಿದ್ದರು. ಎಷ್ಟು ಜನ್ಮ ಎತ್ತಿದರೆ ಆ ಗಂಜಿಯ ಋಣ ತೀರೀತು ಎಂದು ಆದಿಲಕ್ಷ್ಮಿ ಇವತ್ತಿಗೂ ತಟ್ಟೆಯ ಮುಂದೆ ಕೂತಾಗೆಲ್ಲ ನೆನೆಯುತ್ತಾಳೆ.

ಪದ್ಮಾವತಮ್ಮ ಮಾತ್ರ ಕಿಟಕಿಯಿಂದ ಗಂಜಿ ಕೊಟ್ಟು ಹೋಗಲಿಲ್ಲ. ಬಾಗಿಲು ದೂಡಿಕೊಂಡು ಒಳಗೇ ಬಂದಳು. ಬರಬೇಡವ್ವ, ಕಾಲಿಗೆ ಬೀಳ್ತೀನಿ ಎಂದರೆ, "ನಂಗೆ ಎಪ್ಪತ್ತೆಂಟು ಕಣಮ್ಮ, ನನ್ನನ್ನ ಹೆದರುಸ್ತೀಯಾ?" ಎಂದು ತಲೆದಿಂಬಿನ ಪಕ್ಕ ಕೂತುಬಿಟ್ಟಳು. ಐದು ಹಗಲು ಅಲ್ಲೇ ಇದ್ದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಬೆನ್ನು ತಟ್ಟಿದಳು, ಮಲಗಿದಲ್ಲೇ ಕೊಳೆಯಾದದ್ದನ್ನು ಮೂಗು ಮುಚ್ಚದೆ ತೆಗೆದಳು. ಇನ್ನೊಬ್ಬರ ಕೊಳೆ ತೆಗೆಯುವುದೇ ಕೆಲಸವಾಗಿದ್ದ ಆದಿಲಕ್ಷ್ಮಿ, ತನ್ನದನ್ನು ಇನ್ನೊಬ್ಬರು ತೆಗೆಯುವಾಗ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಗೋಡೆ ಕಡೆ ತಿರುಗುತ್ತಿದ್ದಳು. ಪದ್ಮಾವತಮ್ಮನ ಹೆಬ್ಬೆರಳು ತೋರುಬೆರಳು ಸುಮ್ಮನೆ ಇರುತ್ತಿರಲಿಲ್ಲ, ನಿದ್ದೆಯಲ್ಲೂ ಏನನ್ನೋ ಹೊಸೆಯುತ್ತಿದ್ದವು. ಮಗ್ಗದ ಮನೆಯಲ್ಲಿ ನಲವತ್ತು ವರ್ಷ ಅವಳು ಮಾಡಿದ್ದು ಅತುಕುವ ಕೆಲಸ: ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದ ನೂಲಿನ, ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿಸಿದ ಬೆರಳಿನಿಂದ ಹೊಸೆದು ಸೇರಿಸುವುದು. ಗಂಟು ಬೀಳಬಾರದು, ಬಿದ್ದರೆ ಬಾಚಣಿಗೆಯಂಥ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಾವಿರಾರು ಎಳೆ, ಒಂದೂ ತಪ್ಪುವಂತಿಲ್ಲ. ಆ ಐದು ದಿನವೂ ಅವಳ ಮಡಿಲಲ್ಲಿ ಬೂದಿಯ ಚಿಪ್ಪು ಇತ್ತು, ಏನೋ ಮಾಡುತ್ತಿದ್ದಳು. ಜ್ವರದ ಕಣ್ಣಿಗೆ ಅದು ಏನೆಂದು ಕಾಣಲಿಲ್ಲ, ಕೇಳುವ ತ್ರಾಣವೂ ಇರಲಿಲ್ಲ.

ಆರನೇ ದಿನ ಇವಳು ಎದ್ದು ಕೂತಳು, ಪದ್ಮಾವತಮ್ಮ ಮಲಗಿದಳು. ನಾರಪ್ಪ ಅವಳ ಬೆರಳಿಗೆ ಕ್ಲಿಪ್ಪು ಹಾಕಿ ನಂಬರು ಕೂಗಲಿಲ್ಲ. ಆಕ್ಸಿಮೀಟರನ್ನು ಅಂಗಿಗೆ ಒರೆಸಿ ಇನ್ನೊಮ್ಮೆ ಹಾಕಿ ನೋಡಿದ. ಆಂಬುಲೆನ್ಸು ಸಂಜೆಗೆ ಬಂತು. ಜೊತೆಗೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ರಾಮಲಿಂಗಯ್ಯ ಗೇಟಿನ ಕಂಬಿ ಹಿಡಿದು ನಿಂತಿದ್ದ. ಕಣ್ಣಿನ ಪೊರೆ ಆಪರೇಷನ್ನು ಕರೋನದ ದೆಸೆಯಿಂದ ಮುಂದಕ್ಕೆ ಹೋಗಿ ಹೋಗಿ ಅವನಿಗೆ ಬಿಳಿಯದೊಂದು ಗಾಡಿ, ಅದರ ಕೆಂಪು ದೀಪ ಬಿಟ್ಟರೆ ಏನೂ ಕಂಡಿರಲಾರದು. ನಾಲ್ಕು ದಿನಕ್ಕೆ, ಹೋದಳೆಂದು ಫೋನು ಬಂತು. ಮೈ ಮನೆಗೆ ಬರಲಿಲ್ಲ, ಕುಂಕುಮವಿಲ್ಲ, ಬಳೆಯಿಲ್ಲ, ಬಾಯಿಗೆ ನೀರು ಬಿಟ್ಟವರು ಯಾರೆಂದು ಗೊತ್ತಿಲ್ಲ. ಉಳಿದ ಹದಿನಾರೂ ಜನ ಉಳಿದರು. ಮತ್ತೆ ಆಗಸ್ಟಿನಲ್ಲಿ ಯಾರೋ ದೊಡ್ಡವರು ಬಂದು ಆದಿಲಕ್ಷ್ಮಿಗೆ ಶಾಲು ಹೊದಿಸಿದರು. ಹದಿನಾರು ಜೀವ ಉಳಿಸಿದ ಒಂಟಿ ಮಹಿಳೆ ಎಂದು ಪೇಪರಿನಲ್ಲಿ ಬಂತು. ರಘುನಾಥ್ ಸಾರು ಅದಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ, ಸರಿಯಾಗಿ ರಾಮಲಿಂಗಯ್ಯನ ಮಂಚದ ಎದುರಿಗೆ ತೂಗುಹಾಕಿದರು. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಆದಿಲಕ್ಷ್ಮಿ ಆ ಗೋಡೆಗೆ ಬೆನ್ನು ಮಾಡಿ ಗುಡಿಸುತ್ತಾಳೆ. ಮುದುಕನಿಗೆ ಕಣ್ಣು ಕಾಣದಿರುವುದು ಒಳ್ಳೆಯದೇ ಆಯಿತು ಎಂದು ಒಂದು ಸಲ ಅನ್ನಿಸಿ, ಅಂಥದ್ದು ತನಗೆ ಅನ್ನಿಸಿತಲ್ಲಾ ಎಂದು ಆ ದಿನ ಊಟ ಬಿಟ್ಟಿದ್ದಳು.

ಆಶ್ರಮದ ಗೇಟಿನಲ್ಲಿ ನಾರಪ್ಪ ಕಾದಿದ್ದ. "ಬಂದ್ಬುಟ್ಟೆಯಾ ಆದೆಮ್ಮ? ಗಾಡಿ ಹದಿನೈದು ನಿಮಿಷ ಲೇಟು. ಅಕ್ಕ ಚೆನ್ನಾಗವ್ಳಾ?" ಎಂದ. "ಚೆನ್ನಾಗವ್ಳೆ" ಎಂದು ಅವನ ಮುಖ ನೋಡದೆ ಒಳಗೆ ಹೋದಳು. ಪದ್ಮಾವತಮ್ಮನಿಗೆ ಪ್ರಾಣವಾಗಿದ್ದದ್ದು ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಸ್ವರ್ಗದಲ್ಲಿ ಬಜ್ಜಿ ಕರೀತಾರೋ ಇಲ್ಲವೋ ವಿಚಾರಿಸಿಕೊಂಡೇ ಸಾಯಬೇಕು ಎನ್ನುತ್ತಿದ್ದಳು. ಆದಿಲಕ್ಷ್ಮಿ ಮಂಡಕ್ಕಿ ನೆನೆಸಿ ಹಿಂಡಿದಳು, ಹುರಿಗಡಲೆ ಪುಡಿ ಮಾಡಿದಳು, ಎಣ್ಣೆ ಕಾಯಿಸಿದಳು. ಮೊಳೆ ಅಲ್ಲೇ ಇತ್ತು, ಈಗ ಅದಕ್ಕೆ ಜರಡಿ ನೇತುಹಾಕಿದ್ದರು. ಮುತ್ತುಗದ ಎಲೆಯ ಮೇಲೆ ಎಲ್ಲ ಬಡಿಸಿ, ಪದ್ಮಾವತಮ್ಮನ ಪಟದ ಮುಂದೆ ಇಟ್ಟಾಗ, ರಾಮಲಿಂಗಯ್ಯ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದು ಎಡೆಯ ಪಕ್ಕದಲ್ಲಿ ಮಡಗಿದ. ಕಡ್ಡಿ ಹಚ್ಚಿದ್ದಾಯಿತು, ಹದಿನಾರು ಜನ ಕೈ ಮುಗಿದದ್ದಾಯಿತು. ಊಟ ಮುಗಿಸಿ ಎಲ್ಲರೂ ಅಡ್ಡಾದ ಮೇಲೆ ಮುದುಕ ಅವಳನ್ನು ಹಿತ್ತಲ ಜಗಲಿಗೆ ಕರೆದ.

"ಕೂಚೋಮ್ಮಾ, ಕೂತ್ಕೋ. ಎಡೆ ಸೀರೆ ಮನೆ ಮಗಳು ಉಡಬೇಕು. ನಮಗೆ ಮಕ್ಕಳಿಲ್ಲ, ನಿಂಗೆ ಗೊತ್ತಲ್ಲ. ತಗೋ" ಎಂದು ಸೀರೆಯನ್ನು ಮುಂದೆ ಹಿಡಿದ.

ಆದಿಲಕ್ಷ್ಮಿ ಕೈ ಚಾಚಲಿಲ್ಲ. ಎದುರಿಗೆ ಅದೇ ತೊಟ್ಟಿ, ಅದೇ ಚೊಂಬು. ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ, ಇನ್ನೊಂದು ವರ್ಷ ಕಳೆಯುತ್ತದೆ. ಹೇಳಿಬಿಟ್ಟರೆ ಈ ಮುದುಕ ಇನ್ನು ತನ್ನ ಕೈಯಿಂದ ನೀರು ಕುಡಿಯುವುದಿಲ್ಲ, ತನ್ನನ್ನು ಮಗಳಂತೆ ತಲ್ಲಿ, ತಾಯಿ ಎಂದು ಕರೆಯುವವರು ಈ ಲೋಕದಲ್ಲಿ ಇನ್ನಾರೂ ಇಲ್ಲ.

"ಈ ಸೀರೆ ನಂಗೆ ಬ್ಯಾಡ ತಾತ. ನಾನು ಉಡಬಾರ್ದು" ಎಂದಳು. "ಆವತ್ತು ಪೆನುಕೊಂಡಕ್ಕೆ ಅಂತ ಹೇಳಿ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಮಗಳು ಹೆತ್ತಿದ್ಲು. ಅಲ್ಲಿ ಬೀಗಿತ್ತಿಗೆ ಇತ್ತು, ಅದೇ ಜ್ವರ. ನಾನೇ ತಂದಿದ್ದು. ಅವ್ವ ಹೋಗಿದ್ದು ನನ್ನಿಂದ್ಲೇ."

ರಾಮಲಿಂಗಯ್ಯ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು.

"ಇರ್ಬೋದು" ಎಂದ.

ಅಲ್ಲ ಬಿಡಮ್ಮ ಎನ್ನುತ್ತಾನೆಂದು ಒಳಗೊಳಗೇ ಎಲ್ಲೋ ಕಾದಿದ್ದಳೇನೋ, ಆ ಮಾತು ಅವಳ ಎದೆಗೆ ನೇರವಾಗಿ ಬಂದು ಬಡಿಯಿತು. ಆದರೆ ಒಂದು ವರ್ಷದಲ್ಲಿ ಮೊದಲ ಸಲ ಕಾಲ ಕೆಳಗೆ ನೆಲ ಇದೆ ಎನ್ನಿಸಿತು.

"ಇರ್ಬೋದು ಕಣಮ್ಮ. ಹಾಲಿನೋನಿಂದ್ಲೂ ಇರ್ಬೋದು. ನೀನು ಹೋಗಿದ್ದು ತಪ್ಪು, ಹೇಳ್ದೆ ಹೋಗಿದ್ದು ಇನ್ನೂ ತಪ್ಪು. ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ನೀನು ಹೇಳ್ಳಿಲ್ಲ ಅಂತ ನಮಗೆ ತಿಳೀಲಿಲ್ಲ ಅಂದ್ಕೊಂಡ್ಯಾ?" ಎಂದು ತೊಟ್ಟಿಯ ಕಡೆ ಗದ್ದ ಎತ್ತಿದ. "ಮಟಮಟ ಮಧ್ಯಾಹ್ನ, ಹಿತ್ತಲಿಂದ ಬಂದು, ಉಟ್ಟ ಸೀರೆನಾಗೆ ತಲೆಗೆ ನೀರು ಹುಯ್ಕೊಂಡೆ. ನನ್ನ ಹೆಂಡ್ತಿ ಇಲ್ಲೇ ಕೂತಿದ್ಲು. ಹಂಗೆ ನೀರು ಹುಯ್ಕೊಳ್ಳೋದು ಸೂತಕಕ್ಕೆ, ಇಲ್ಲ ಪುರುಡಿಗೆ. ಅಳ್ತಿರ್ಲಿಲ್ಲ ನೀನು, ಅಂದ್ಮೇಲೆ ಪುರುಡೇ. ಒಳಗೆ ಬಂದು ನಂಗೆ ಅಂದ್ಲು, ಆದೆಮ್ಮ ಅಜ್ಜಿ ಆಗವ್ಳೆ ಕಣ್ರೀ, ಹೇಳ್ತಾ ಇಲ್ಲ, ನೀವೂ ಕೇಳ್ಬ್ಯಾಡಿ ಅಂತ."

"ಜ್ವರ ಬಂದಾಗ? ಆಗ್ಲೂ ಗೊತ್ತಿತ್ತಾ ಅವ್ವಂಗೆ, ಎಲ್ಲಿಂದ ಬಂತು ಅಂತ?"

"ನಲವತ್ತು ವರ್ಷ ಎಳೆ ಅತುಕಿದೋಳಿಗೆ ಯಾವ ಎಳೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ವಾ? ನಾನೇ ಬ್ಯಾಡ ಅಂದೆ, ಆ ರೂಮಿಗೆ ಹೋಗ್ಬ್ಯಾಡ್ವೇ ಅಂದೆ. ಕೇಳ್ಳಿಲ್ಲ. ಇವಳಿಗೇನಾದ್ರೂ ಆದ್ರೆ ಅಲ್ಲೊಂದು ಹಸಿ ಬಾಣಂತಿ ತಾಯಿಲ್ದೋಳಾಗ್ತಾಳೆ ಅಂದ್ಲು. ಅದು ಅವಳ ಲೆಕ್ಕ. ಅದರಾಗೆ ನೀನೂ ಕೈ ಹಾಕಂಗಿಲ್ಲ, ನಾನೂ ಹಾಕಂಗಿಲ್ಲ."

ಆದಿಲಕ್ಷ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಗೊತ್ತಿದ್ದೂ ಬಂದು ಕೂತಳೇ? ಗೊತ್ತಿದ್ದೂ ಕೊಳೆ ತೆಗೆದಳೇ? ಗೋಡೆ ಕಡೆ ತಿರುಗಿ ಮಲಗಿದ್ದ ತನ್ನ ಬೆನ್ನಿನ ಮೇಲೆ ಆ ಒರಟು ಕೈ ತಟ್ಟುತ್ತಿದ್ದದ್ದು ನೆನಪಾಯಿತು. ಅವ್ವಾ, ಎಂದಳು. ಮುದುಕ ಸೊಂಟದ ಸಂಚಿಯಿಂದ ವಿಭೂತಿಯ ಚಿಕ್ಕ ಡಬ್ಬಿ ತೆಗೆದು, ಮುಚ್ಚಳ ತಿರುವಿ, ಬೂದಿಯೊಳಗಿಂದ ಏನನ್ನೋ ಎಳೆದ. ಕೆಂಪು, ಹಳದಿ, ಕಪ್ಪು ರೇಷ್ಮೆಯ ಹುರಿ, ಒಂದೂ ಗಂಟಿಲ್ಲದ್ದು. ಮಗ್ಗ ಮಾರಿದ ದಿನ ಪೆಟ್ಟಿಗೆಯಲ್ಲಿ ಎತ್ತಿಟ್ಟುಕೊಂಡಿದ್ದ ಹಾಸಿನ ಕೊನೆ ತುಂಡುಗಳನ್ನು ಹೊಸೆದು ಹೊಸೆದು ಸೇರಿಸಿದ ಒಂದು ಗೇಣಿನಷ್ಟು ಉಡಿದಾರ.

"ನಿನ್ನ ಪಕ್ಕ ಕೂತು ಐದು ದಿನ ಇದನ್ನೇ ಮಾಡ್ತಿದ್ದಿದ್ದು. ತಿಂಗಳು ತುಂಬಿದಾಗ ಮಗೀಗೆ ಕಟ್ಟಬೇಕು ಅಂತ. ಆಗ್ಲಿಲ್ಲ. ಆಮೇಲೆ ಏಟಿ ಸೂತಕ, ಒಂದು ವರ್ಷದ್ದು, ಅದು ತುಂಬೋಗಂಟ ಸಾವಿನ ಮನೆಯಿಂದ ಮಗೀಗೆ ಏನೂ ಕೊಡಂಗಿಲ್ಲ. ಇವತ್ತಿಗೆ ಕಳೀತು." ಅವನು ಹುರಿಯನ್ನು ಬೆರಳಿನಲ್ಲಿ ತಡವಿ ನೋಡಿದ. "ಈಗ ಚಿಕ್ಕದಾಗ್ತದೆ. ಹೆಸರೇನು ಮಡಗಿದ್ರಿ?"

"ಯುವರಾಜ್" ಎಂದಳು. ಆಶ್ರಮದೊಳಗೆ ಆ ಹೆಸರು ಮೊದಲ ಸಲ ಅವಳ ಬಾಯಿಂದ ಬಂದಿತ್ತು.

"ಓಹೋ. ಸರಿ, ಯುವರಾಜನ ಸೊಂಟ ಎಷ್ಟು ದಪ್ಪ ತೋರ್ಸು. ಉಳಿದಿದ್ದು ನಾನು ಅತುಕ್ಕೊಡ್ತೀನಿ."

ಆದಿಲಕ್ಷ್ಮಿ ನಿನ್ನೆ ಎತ್ತಿಕೊಂಡಿದ್ದ ಮಗುವನ್ನು ನೆನೆದುಕೊಂಡು, ಎರಡೂ ಕೈ ಬಳಸಿ, ಹೆಬ್ಬೆರಳುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಬರಿಯ ಗಾಳಿಯನ್ನು ಹಿಡಿದು ಅವನ ಮುಂದೆ ಚಾಚಿದಳು. ಮುದುಕ ಕಣ್ಣು ಕಿರಿದು ಮಾಡಿ, ಆಗದೆ, ಬೂದಿ ಬೆರಳಿನಿಂದ ಅವಳ ಕೈಗಳ ಸುತ್ತ ತಡವುತ್ತ ಹೋದ. ಅವಳ ಕಣ್ಣಿಂದ ನೀರು ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಕೈ ನಡುಗಿಸ್ಬ್ಯಾಡ ತಲ್ಲಿ" ಎಂದ ರಾಮಲಿಂಗಯ್ಯ, "ಅಳತೆ ತಪ್ಪೋಯ್ತದೆ."

ಅವಳು ಕೈಗಳನ್ನು ಹಾಗೆಯೇ ಹಿಡಿದುಕೊಂಡಳು.